ಪದಚರ್ಚೆ: ಮರಕುಟಿಗದ ಪಳೆಯುಳಿಕೆ ಫಲಕಕ್ಕೆ ಸ್ಟೆಮ್ ಗ್ರೂಪ್, ಕ್ರೌನ್ ಗ್ರೂಪ್‌ಗೆ ಕನ್ನಡ ಬೇಕು (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ಶಾಲೆ ಹಕ್ಕಿ ಪ್ರದರ್ಶನಕ್ಕೆ ಮರಕುಟಿಗದ ಫಲಕ ಅನುವಾದ ಮಾಡ್ತಿದೀನಿ, ನಾಳೆ ಮಧ್ಯಾಹ್ನ ಪ್ರಿಂಟ್‌ಗೆ ಹೋಗ್ಬೇಕು. ಗಣ, ಕುಟುಂಬ, ಪ್ರಭೇದ ಎಲ್ಲ ಪಾಠಪುಸ್ತಕದಲ್ಲಿ ಇರೋ ಹಾಗೇ ಹಾಕಿದೀನಿ, ಸಿಕ್ಕಾಕೊಂಡಿರೋದು ಪಳೆಯುಳಿಕೆ ಭಾಗದಲ್ಲಿ. ಜೆಕ್ ದೇಶದಲ್ಲಿ ಸಿಕ್ಕ ಪಿಕೇವಸ್ ಅನ್ನೋ ಪುಟ್ಟ ಹಕ್ಕಿ ಇದೆ, ಸುಮಾರು 3 ಕೋಟಿ ವರ್ಷ ಹಿಂದಿಂದು, 2012ರಲ್ಲಿ ಹೆಸರಿಟ್ಟಿದ್ದು. ಅದು ಮರಕುಟಿಗ ಅಲ್ಲ, ಮರಕುಟಿಗ ಕುಟ್ರುಹಕ್ಕಿ ಟೂಕನ್ (ದಪ್ಪ ಕೊಕ್ಕಿನ ಹಕ್ಕಿ) ಹನಿಗೈಡ್ (ಜೇನುಗೂಡಿಗೆ ದಾರಿ ತೋರೋ ಹಕ್ಕಿ) ಇವೆಲ್ಲ ಬೇರೆಬೇರೆ ಆಗೋಕೆ ಮುಂಚೆನೇ ವಂಶವೃಕ್ಷದ ಬುಡದಲ್ಲೇ ಆಚೆ ಹೋದ ಕವಲು, ಅದಕ್ಕೇ ಸ್ಟೆಮ್ ಗ್ರೂಪ್. ಈಗ ಬದುಕಿರೋವು, ಅವುಗಳ ಕೊನೇ ಸಮಾನ ಪೂರ್ವಜ, ಅದರಿಂದ ಬಂದವು ಎಲ್ಲ ಸೇರಿ ಕ್ರೌನ್ ಗ್ರೂಪ್. ಅನುವಾದದ ಆ್ಯಪ್ ಕ್ರೌನ್ ಗ್ರೂಪ್‌ಗೆ "ಕಿರೀಟ ಗುಂಪು" ಅಂತ ಕೊಡ್ತಿದೆ. ಮರಕುಟಿಗದ ತಲೇಲಿ ಮೊದಲೇ ಜುಟ್ಟು ಇರೋದ್ರಿಂದ ಮಕ್ಕಳು ಜುಟ್ಟಿರೋ ಹಕ್ಕಿಗಳ ಗುಂಪು ಅಂತ್ಲೇ ಓದ್ಕೋತಾರೆ. ದಯವಿಟ್ಟು ಬೇಗ ಹೇಳಿ.

----

ಕಾಂಡಸಮೂಹ, ಶಿಖರಸಮೂಹ. ಮುಗೀತು. ಪಾರಿಭಾಷಿಕ ಪದ ಸಂಸ್ಕೃತದಿಂದ ಕಟ್ಟಿದ್ರೆ ಮರಾಠಿ ತೆಲುಗಿನವರಿಗೂ ಅರ್ಥ ಆಗತ್ತೆ.

----

ನಾಲ್ಕನೇ ಕ್ಲಾಸಿನ ಮಗು ಓದೋ ಫಲಕ ತೆಲುಗಿನವರಿಗೆ ಯಾಕೆ ಅರ್ಥ ಆಗ್ಬೇಕು ಸ್ವಾಮಿ? ನಮ್ಮಲ್ಲಿ ಬೊಡ್ಡೆ ಇದೆ, ನೆತ್ತಿ ಇದೆ. ಮರಕುಟಿಗ ಅನ್ನೋ ಪದಾನೇ ನೋಡಿ. ಕೆಲವರು ಮರಕುಟುಕ ಅಂತ ಬರೆದು ಕುಟುಕು ಅನ್ನೋದಕ್ಕೆ ಗಂಟು ಹಾಕ್ತಾರೆ, ನಾನು ಒಪ್ಪಲ್ಲ. ಕುಟುಕೋದು ಚೇಳು. ಇದು ಕುಟ್ಟು, ಅದಕ್ಕೆ ಇಗ, ಶಾಸನಗಳಲ್ಲಿ ಕಲ್ಲು ಕೆತ್ತೋನಿಗೆ ಕಲ್ಕುಟಿಗ ಅಂತಿದಾರಲ್ಲ ಅದೇ ಅಚ್ಚು. ಕಲ್ಲು ಕುಟ್ಟೋನು ಕಲ್ಕುಟಿಗ, ಮರ ಕುಟ್ಟೋದು ಮರಕುಟಿಗ. ಇಷ್ಟು ಚೆಂದ ಪದ ಕಟ್ಟಿದ ಜನಕ್ಕೆ ಶಿಖರಸಮೂಹ ಬೇಕಾ?

----

ಹಾಗಾದ್ರೆ ರೈನೆಕ್ ಅನ್ನೋ ಹಕ್ಕಿಗೆ ಏನ್ಮಾಡ್ತೀರಿ? ಅದೂ ಇದೇ ಕುಟುಂಬ, ಚಳಿಗಾಲಕ್ಕೆ ನಮ್ಮ ಕಡೆನೂ ಬರತ್ತೆ, ಮರ ಕುಟ್ಟಲ್ಲ, ನೆಲದಲ್ಲಿ ಇರುವೆ ಹುಡುಕ್ತಾ ಇರತ್ತೆ, ಗೂಡಿಗೂ ಬೇರೆಯವರು ಕೊರೆದ ಪೊಟರೆನೇ. ಜೀವಿಗಳನ್ನ ವರ್ಗೀಕರಿಸಿದ ಲಿನೇಯಸ್ 1758ರಲ್ಲೇ ಅದನ್ನ ಬೇರೆ ಜಾತೀಲಿ (ಜೀನಸ್) ಇಟ್ಟಿದ್ದ. ಹೆಸರಿನ ಬೇರು ಹಿಡಿದು ವರ್ಗೀಕರಣ ಮಾಡೋಕಾಗಲ್ಲ. ಸ್ಟೆಮ್ ಗ್ರೂಪ್ ಅಂತ್ಲೇ ಬರೀರಿ, ಚಾವಿ ಅಲಮಾರಿ ಎಲ್ಲ ಪೋರ್ಚುಗೀಸರಿಂದ ತಗೊಂಡ್ವಿ, ಕನ್ನಡ ಏನೂ ಸಾಯಲಿಲ್ಲ.

----

ಚಾವಿ ಬಂದಿದ್ದು ವಸ್ತು ಜೊತೆ. ಇಲ್ಲಿ ವಸ್ತು ಮರ, ಅದು ನಮ್ಮ ಹಿತ್ತಲಲ್ಲೇ ಇದೆ. ಸಾಲ ಬೇಕಿಲ್ಲ.

----

ಪ್ರಶ್ನೆ ಕೇಳಿದೋಳೇ ಬರೀತಿದೀನಿ. ಎಲ್ರಿಗೂ ಥ್ಯಾಂಕ್ಸ್, ಆದ್ರೆ "ಬೊಡ್ಡೆ ಗುಂಪು"ಲಿ ಒಂದು ತಪ್ಪಿದೆ. ಪಿಕೇವಸ್ ಬೊಡ್ಡೆ ಅಲ್ಲ, ಬೊಡ್ಡೆಯಿಂದ ಒಡೆದು ಅಲ್ಲೇ ಒಣಗಿದ ಕೊಂಬೆ. ಬೊಡ್ಡೆ ಅಂದ್ರೆ ಅದೇ ಇವತ್ತಿನ ಹಕ್ಕಿಗಳ ಮುತ್ತಜ್ಜಿ ಅಂತಾಗತ್ತೆ. ಹಾಗಾಗಿ ಬೊಡ್ಡೆಗವಲು ಅಂತ ಹಾಕ್ತಿದೀನಿ, ಇನ್ನೊಂದಕ್ಕೆ ನೆತ್ತಿಗವಲು. ನೆತ್ತಿ ಅಂದ್ರೂ ತಲೆನೇ ಅಂತ ಯಾರಾದ್ರೂ ಹೇಳ್ಬಹುದು, ಅದಕ್ಕೇ ಪಕ್ಕದಲ್ಲಿ ಮರದ ಚಿತ್ರ ಬರೆಸ್ತೀನಿ.

ಇನ್ನೊಂದು ಉಳ್ಕೊಂಡಿದೆ. ಫ್ರಾನ್ಸಿನ ಸೋಲ್ಸೆಯಲ್ಲಿ ಸಿಕ್ಕ ಪಿಕುಲಾಯ್ಡೀಸ್ ಅನ್ನೋ ಹಳೇ ಮರಕುಟಿಗದ್ದು ಬರೀ ಕಾಲಿನ ಮೂಳೆ, ಅದಕ್ಕೆ ಪಳೆಯುಳಿಕೆ ಅಂದ್ರೆ ಸಾಕು. ಡೊಮಿನಿಕನ್ ದೇಶದ್ದೂ ಪಳೆಯುಳಿಕೆನೇ, ಆದ್ರೆ ಅಂಬರ್ ಒಳಗೆ ಸಿಕ್ಕ ಗರಿ, 1994ರಲ್ಲಿ ಅದು ಮರಕುಟಿಗ ಕುಟುಂಬದ್ದು ಅಂತ ಗುರುತಿಸಿದ್ರು. ಅಂಬರ್ ಅಂತ ಬರೆದ್ರೆ ಮಕ್ಕಳು ಆಕಾಶ ಅಂದ್ಕೋತಾರೆ. ಕಲ್ಲಾದ ರಾಳ ಅನ್ನಲಾ?

----

ಕಲ್ರಾಳ. ಕಲ್ಕುಟಿಗದ ಥರಾನೇ.

----

ಕಲ್ರಾಳ ಅಂದ್ರೆ ಯಾರಿಗೂ ಗೊತ್ತಾಗಲ್ಲ. ಬಿಡಿಸಿ ಬರೀರಿ, ಕಲ್ಲಾದ ರಾಳ.