ಬಾಡಿಗಿ ಮನಿ, ಪ್ಯಾನ್ ಕಾರ್ಡ್, ಸುಣ್ಣಬಣ್ಣದ ಖರ್ಚು

ಗೋಕುಲರೋಡ್_ಮಹಡಿ: ಲೋನ್ ಮಾಡಿ ಮ್ಯಾಲೆ ಒಂದ್ ಮನಿ ಕಟ್ಟೇವ್ರಿ, ಮೊದಲ್ನೇ ಸಲ ಬಾಡಿಗಿಗೆ ಕೊಡಾಕತ್ತೀವಿ, ತಿಂಗಳಿಗೆ 12,000. ಬರೋರು ಎಚ್‌ಆರ್‌ಎಗೆ (ಪಗಾರದಾಗಿನ ಮನಿ ಬಾಡಿಗಿ ಭತ್ಯೆ) ಬೇಕು ಅಂತ ನನ್ನ ಪ್ಯಾನ್ ಕೇಳಾಕತ್ತಾರ. ಕೊಟ್ರ ಬಂದ ಬಾಡಿಗಿ ಪೂರಾಕ್ಕ ಟ್ಯಾಕ್ಸ್ ಬೀಳ್ತೈತೇನ್ರಿ? ನಂದು ಪಗಾರದ ನೌಕರಿ.

ಕೇಶ್ವಾಪುರ_ಮಾಲಕ: ಪ್ಯಾನ್ ಗೀನ್ ಕೊಡಬ್ಯಾಡ್ರಿ, ಕ್ಯಾಶ್ ತಗೋರಿ, ನಾ ಮೊದಲಿಂದ ಹಂಗ ತಗೊಳ್ಳೋದು, ಯಾರೂ ಕೇಳಿಲ್ಲ. ಕೊಡೋದ ಆದ್ರ ಬಣ್ಣ ಹಚ್ಚಿಸಿದ ಬಿಲ್ ಇಟ್ಕೋರಿ, ಅದೂ ಕಳೀತೈತಿ.

ಲೆಕ್ಕಪತ್ರ_ಧಾರವಾಡ: "ಬಿಲ್ ಇಟ್ಕೋರಿ" ಅನ್ನೂದ ತಪ್ಪು. ಬಣ್ಣ, ರಿಪೇರಿ ಯಾವ್ದೂ ಬ್ಯಾರೆ ಕಳಿಯಂಗಿಲ್ಲ, ಖರ್ಚ್ ಮಾಡ್ರಿ ಬಿಡ್ರಿ 30 ಪರ್ಸೆಂಟ್ ಬಿಟ್ಟೇ ಬಿಡ್ತಾರ. ವರ್ಷಕ್ಕ 1,44,000, ಪಾಲಿಕೆಗೆ ನೀವ ತುಂಬಿದ ಮನಿಪಟ್ಟಿ 4,000 ಅಂತ ಹಿಡೀರಿ, ಉಳೀತು 1,40,000, ಅದರಾಗ 42,000 ತಗದ್ರ 98,000. ಇನ್ನ ಲೋನಿನ ಬಡ್ಡಿ ಬ್ಯಾರೆ ಕಳೀಬೇಕು. ವರ್ಷದ ಬಾಡಿಗಿ 1 ಲಕ್ಷ ದಾಟಿದ್ರ ಎಚ್‌ಆರ್‌ಎ ತಗೊಳ್ಳೋರು ಮಾಲಕರ ಪ್ಯಾನ್ ಕೊಡಾಕ ಬೇಕು.

ಸಪ್ತಾಪುರ_ರೂಮ್: ಅಂದ್ರ ರಿಪೇರಿ ಅಂತ ಸರ್ಕಾರ 30 ಪರ್ಸೆಂಟ್ ಬಿಡ್ತೈತಿ, ಮತ್ತ ನಾವ್ ರೂಮ್ ಬಿಡೋವಾಗ ಬಣ್ಣದ ಖರ್ಚು ಅಂತ ಡೆಪಾಸಿಟ್‌ನಾಗ ಒಂದ್ ತಿಂಗಳ ಬಾಡಿಗಿ ಯಾಕ ಮುರಕೋತೀರಿ? ಎರಡೂ ಕಡೆ ತಗೊಳ್ಳೋದೇನು?

ಕೇಶ್ವಾಪುರ_ಮಾಲಕ: ಮುರಕೋತೀವಿ ಯಾಕಂದ್ರ ಕೋಚಿಂಗ್ ಹುಡ್ರು ಗ್ವಾಡಿ ತುಂಬ ಇಂಡಿಯಾ ಮ್ಯಾಪು, ಟೈಮ್ ಟೇಬಲ್ಲು ಟೇಪ್ ಹಚ್ಚಿ ಅಂಟಿಸ್ತಾರ, ಕಿತ್ತ್ರ ಪುಟ್ಟಿ ಸಮೇತ ಪೊರಿ ಎದ್ದು ಬರ್ತೈತಿ. ಯಾರ್ ಕೊಡಬೇಕು ಅದನ್ನ?

ಸಪ್ತಾಪುರ_ರೂಮ್: ಟೇಪ್ ಹಚ್ಚಿದ್ದು ಒಂದ್ ಗ್ವಾಡಿ, ರೊಕ್ಕ ಮುರಿಯೋದು ನಾಕೂ ಗ್ವಾಡೀದು. ಮಳಿಗಾಲದಾಗ ಮ್ಯಾಲಿನ ಬಾತ್‌ರೂಮ್ ಪೈಪ್ ಸೋರಿ ಹಾಸಿಗಿ ತಲಿಕಡೆ ಬೂಷ್ಟ್ ಹಿಡದಿತ್ತು, ಹೇಳಿದ್ರೂ ಯಾರೂ ಬಂದು ನೋಡ್ಲಿಲ್ಲ, ಕಡೀಕ ಅದೂ ನಮ್ಮ ತಲಿಮ್ಯಾಲೆ ಬಂತು.

ನವನಗರ_ನಿವಾಸಿ: ಅಗ್ರಿಮೆಂಟ್‌ನಾಗ ಬರದಿದ್ರ ಕೊಡಬೇಕಾಗ್ತೈತಿ, ಸಹಿ ಮಾಡಿದವರು ನೀವ ಅಲ್ಲೇನು?

ಸಪ್ತಾಪುರ_ರೂಮ್: ಯಾವ ಅಗ್ರಿಮೆಂಟ್? ರಿಜಿಸ್ಟರ್ ಮಾಡಿಸೂದು ತಪ್ಪಲಿ ಅಂತ 11 ತಿಂಗಳದ್ದು ಮಾಡ್ತೀರಿ, ಅದರ ಕಾಪಿ ಸೈತ ನಮ್ಮ ಕೈಗೆ ಕೊಡಂಗಿಲ್ಲ.

ಕೇಶ್ವಾಪುರ_ಮಾಲಕ: ತಪ್ಪಸೂದು ಅಂದ್ರ? 11 ತಿಂಗಳ ಕಾಯ್ದೇಶೀರ ಐತಿ, ಬಾಯಿಗೆ ಬಂದಂಗ ಮಾತಾಡಬ್ಯಾಡ.

ಗೋಕುಲರೋಡ್_ಮಹಡಿ: ಅಣ್ಣಾರ, ನಂದೊಂದ್ ಹೇಳ್ರಿ. ಈ ವರ್ಷ ಬಡ್ಡೀನ 1,60,000 ಐತಿ, 98,000ಕ್ಕಿಂತ ಜಾಸ್ತಿ ಆತಲ್ಲ?

ಲೆಕ್ಕಪತ್ರ_ಧಾರವಾಡ: ಹಳೇ ಟ್ಯಾಕ್ಸ್ ಪದ್ಧತಿ (ರೆಜೀಮ್) ಆರಿಸಿದ್ರ ಮಿಕ್ಕ 62,000 ಪಗಾರದಾಗ ಕಳೀತೈತಿ, ವರ್ಷಕ್ಕ 2 ಲಕ್ಷದ ಮಿತಿ. ಹೊಸಾದ್ರಾಗ ಬಾಡಿಗಿ ಆದಾಯ ಸೊನ್ನಿ ಆಗ್ತೈತಿ, ಪಗಾರಕ್ಕ ಮುಟ್ಟಂಗಿಲ್ಲ. ಕ್ಯಾಶ್ ತಗೊಂಡ್ರೂ ಅದು ಆದಾಯನ, ಈ ಕ್ಯಾಶ್ ಸಲಹಾ ಮಂದಿಗೆ ಕೊಡೂದು ಬಿಡ್ರಿ.

ಕೇಶ್ವಾಪುರ_ಮಾಲಕ: "ಸೊನ್ನಿ" ಅಂತ ನೀವ ಅಂದ್ರಿ, ಟ್ಯಾಕ್ಸ್ ಇಲ್ಲಂದ ಮ್ಯಾಲೆ ಕ್ಯಾಶ್ ಆದ್ರೇನು ಚೆಕ್ ಆದ್ರೇನು?

ಲೆಕ್ಕಪತ್ರ_ಧಾರವಾಡ: ಬಡ್ಡಿ ಅವರಿಗೈತ್ರಿ, ನಿಮ್ಮ ಮನಿಮ್ಯಾಲೆ ಲೋನ್ ಐತೇನು?

ಕೇಶ್ವಾಪುರ_ಮಾಲಕ: ನನ್ನ ಮನಿ ಸುದ್ದಿ ನಿಮಗ್ಯಾಕ?

ಗೋಕುಲರೋಡ್_ಮಹಡಿ: ಪ್ಯಾನ್ ಕೊಡ್ತೀನ್ರಿ. ಆದ್ರ ಬಣ್ಣದ ಕಲಂ ಮಾತ್ರ ಹಾಕಾವ್ನ, ಹೊಸಾ ಮನಿ ನಂದು.

ಸಪ್ತಾಪುರ_ರೂಮ್: ಹಾಕ್ರಿ, ಎಷ್ಟು ಮುರಕೋತೀರಿ ಅನ್ನೂದು ಅವರು ಸಹಿ ಮಾಡೂದಕ್ಕ ಮೊದಲ ಅಂಕೀಲೆ ಬರೀರಿ, ಖಾಲಿ ಗ್ವಾಡೀದು ಫೋಟೋನೂ ತಗದು ಇಬ್ಬರೂ ಇಟ್ಕೋರಿ.