ತಮ್ಮನನ್ನು ‘ಪ್ರೀಸ್ಟ್’ ಮಾಡ್ತಾರಂತೆ: ಮಾರ್ಮನ್ ಸಭೆಯ ಯಾಜಕತ್ವ ಬಲ್ಲವರು ತಿಳಿಸಿ

ಪ್ರಶ್ನೆ: ತಮ್ಮನಿಗೆ 19 ವರ್ಷ, ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಈಚೆಗೆ ಮಾರ್ಮನ್ ಸಭೆ ಎಂಬ ಕ್ರೈಸ್ತ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದ. ಈಗ ‘ಪ್ರೀಸ್ಟ್’ ಪದವಿಯಂತೆ. ಓದು ಬಿಟ್ಟು ಪಾದ್ರಿಯಾಗುತ್ತಾನೆ ಅಂತ ಅಮ್ಮನಿಗೆ ಗಾಬರಿ. ಅವನಿಗೆ ಭಾನುವಾರ ಎಲ್ಲರೆದುರು ತಪ್ಪಾದರೆ ಎಂಬ ಭಯ. ಅಲ್ಲಿ ನಿಜಕ್ಕೂ ಅವನ ಕೆಲಸ ಏನು?

ಉತ್ತರ 1: ಅಮ್ಮನಿಗೆ ಧೈರ್ಯ ಹೇಳಿ ಅಕ್ಕ. ಇದು ನೌಕರಿಯಲ್ಲ, ಸಂಬಳವಿಲ್ಲ, ಮದುವೆಗೆ ಅಡ್ಡಿಯಿಲ್ಲ. ವಾರ್ಡ್ ಅಂದರೆ ಒಂದು ಊರು, ಬಡಾವಣೆಯ ಸಭೆ; ಅದರ ಮುಖ್ಯಸ್ಥರಾದ ಬಿಷಪ್ಪರೂ ಬೇರೆ ಕೆಲಸ ಮಾಡಿಕೊಂಡು ಸೇವೆ ಮಾಡುವವರೇ. ಯಾಜಕತ್ವ ಅಂದರೆ ದೇವರ ಹೆಸರಿನಲ್ಲಿ ವಿಧಿಗಳನ್ನು ನಡೆಸುವ ಅಧಿಕಾರ, ಅದು ಎರಡು ಬಗೆ. ಆರೋನನ ಯಾಜಕತ್ವದಲ್ಲಿ ಡೀಕನ್, ಟೀಚರ್, ಪ್ರೀಸ್ಟ್, ಬಿಷಪ್. ಮೆಲ್ಕಿಜೆದೇಕನ ಯಾಜಕತ್ವದಲ್ಲಿ ಎಲ್ಡರ್‌ನಿಂದ ಅಪೊಸ್ತಲರವರೆಗೆ. ಹುಟ್ಟಿನಿಂದ ಸಭೆಯಲ್ಲಿರುವ ಹುಡುಗರು 12, 14, 16 ತುಂಬುವ ವರ್ಷದ ಜನವರಿಯಿಂದ ಮೊದಲ ಮೂರು ಮೆಟ್ಟಿಲು ಹತ್ತುತ್ತಾರೆ. ನಿಮ್ಮ ತಮ್ಮ ದೊಡ್ಡವನಾಗಿ ಸೇರಿದ್ದರಿಂದ ನೇರ ಪ್ರೀಸ್ಟ್.

ಉತ್ತರ 2: ಪದವಿ ಕೊಡುವ ಕ್ರಮ: ಬಿಷಪ್ಪರು ಅವನೊಬ್ಬನನ್ನೇ ಕೂರಿಸಿ ಮಾತಾಡುತ್ತಾರೆ. ಆಮೇಲೆ ಸಭೆಯಲ್ಲಿ ಹೆಸರು ಹೇಳಿ ಒಪ್ಪಿಗೆ ಇರುವವರು ಕೈ ಎತ್ತಲು ಕೇಳುತ್ತಾರೆ. ಕೊನೆಗೆ ಕುರ್ಚಿಯಲ್ಲಿ ಕೂರಿಸಿ ತಲೆಯ ಮೇಲೆ ಕೈಯಿಟ್ಟು ಪೂರ್ತಿ ಹೆಸರಿನಿಂದ ಕರೆದು, ತಮ್ಮ ಅಧಿಕಾರ ಯಾವುದೆಂದು ಹೇಳಿ, ಮೊದಲು ಆರೋನನ ಯಾಜಕತ್ವವನ್ನು ಕೊಟ್ಟು, ನಂತರ ಪ್ರೀಸ್ಟ್ ಹುದ್ದೆಗೆ ನೇಮಿಸುತ್ತಾರೆ. ಹೊಸಬರ ವಿಷಯದಲ್ಲಿ ಗಡಿಬಿಡಿಯಾಗುವುದು ಇಲ್ಲೇ: ಹುದ್ದೆ ಹೇಳಿ ಯಾಜಕತ್ವ ಕೊಡುವ ಮಾತೇ ಬಿಟ್ಟುಹೋಗುತ್ತದೆ. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು. ಅಮ್ಮನನ್ನೂ ಕರೆದುಕೊಂಡು ಹೋಗಿ, ಯಾರೂ ತಡೆಯುವುದಿಲ್ಲ.

ಉತ್ತರ 3: ಅವನ ಭಯಕ್ಕೆ ಕಾರಣ ಸ್ಯಾಕ್ರಮೆಂಟ್ (ಯೇಸುವಿನ ನೆನಪಿಗೆ ಬ್ರೆಡ್, ನೀರು ಹಂಚುವ ವಿಧಿ) ಪ್ರಾರ್ಥನೆ ಇರಬೇಕು, ಅದನ್ನೇ ವಿವರವಾಗಿ ಹೇಳ್ತೀನಿ.

ಸಭೆಗೆ ಮೊದಲೇ ಮೇಜಿಗೆ ಬಿಳಿ ಬಟ್ಟೆ ಹಾಸಿ, ತಟ್ಟೆಯಲ್ಲಿ ಮುರಿಯದ ಬ್ರೆಡ್, ಟ್ರೇಯಲ್ಲಿ ಪುಟ್ಟ ಲೋಟಗಳಲ್ಲಿ ನೀರು ಇಟ್ಟು, ಮೇಲೆ ಇನ್ನೊಂದು ಬಿಳಿ ಬಟ್ಟೆ ಮುಚ್ಚಿರುತ್ತಾರೆ. ಕೈ ಸೋಪಿನಿಂದ ತೊಳೆದಿರಬೇಕು. ಹಾಡು ಶುರುವಾದಾಗ ಎದ್ದು, ಬ್ರೆಡ್ ಮೇಲಿನ ಬಟ್ಟೆ ಸರಿಸಿ ತುತ್ತಿನ ಗಾತ್ರಕ್ಕೆ ಮುರಿಯಬೇಕು. ಜನ ಎಷ್ಟು ಬಂದಿದ್ದಾರೆ ಅಂತ ಒಮ್ಮೆ ಕಣ್ಣಾಡಿಸದೆ ದೊಡ್ಡ ತುಂಡು ಮಾಡಿದರೆ ಹಿಂದಿನ ಸಾಲಿಗೆ ಸಾಲದು. ಹಾಡು ಮುಗಿದ ಮೇಲೆ ಮಂಡಿಯೂರಿ ಬ್ರೆಡ್ಡಿನ ಪ್ರಾರ್ಥನೆ. ಹಂಚುವವರು ಮೊದಲು ಸಭೆಯ ಅಧ್ಯಕ್ಷತೆ ವಹಿಸಿದವರಿಗೆ ಕೊಡುತ್ತಾರೆ, ಆಮೇಲೆ ಉಳಿದವರಿಗೆ. ತಟ್ಟೆ ವಾಪಸ್ ಬಂದ ಮೇಲೆ ಮುಚ್ಚಿ, ನೀರಿಗೂ ಹೀಗೆಯೇ.

ಎರಡೂ ಪ್ರಾರ್ಥನೆಗಳು ಅಕ್ಷರಶಃ ಗೊತ್ತುಪಡಿಸಿದವು. ಮಾರ್ಮನ್ ಗ್ರಂಥದ ಮೊರೊನಿ 4 ಮತ್ತು 5ನೇ ಅಧ್ಯಾಯಗಳಲ್ಲಿವೆ. ಮೂಲದಲ್ಲಿ ದ್ರಾಕ್ಷಾರಸ ಎಂದಿರುವ ಕಡೆ ಈಗ ನೀರು ಎನ್ನಬೇಕು. ಗ್ರಂಥದಿಂದಲೇ ಬಾಯಿಪಾಠ ಮಾಡಿದವರು ಇಲ್ಲೇ ಎಡವುತ್ತಾರೆ. ಇನ್ನೊಂದು ಮೋಸದ ಜಾಗ: ಬ್ರೆಡ್ಡಿನದ್ದೂ ನೀರಿನದ್ದೂ ಒಂದೇ ಥರ ಶುರುವಾಗಿ ನಡುವೆ ಬೇರೆಯಾಗುತ್ತವೆ. ಹಾಗಾಗಿ ಬಾಯಿಪಾಠ ಬಂದರೂ ಮೇಜಿನ ಮೇಲಿನ ಕಾರ್ಡ್ ನೋಡಿಕೊಂಡು ನಿಧಾನ ಓದುವುದೇ ಜಾಣತನ. ಅದನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಪದ ತಪ್ಪಿ ತಾನೇ ತಿದ್ದಿಕೊಂಡರೆ ಮುಗಿಯಿತು. ತಿದ್ದಿಕೊಳ್ಳದಿದ್ದರೆ ಬಿಷಪ್ ಮೆಲ್ಲಗೆ ಮತ್ತೆ ಹೇಳಿಸುತ್ತಾರೆ. ಅದು ಶಿಕ್ಷೆಯಲ್ಲ, ಹಾಗೆ ನೋಡಿಕೊಳ್ಳುವುದು ಅವರ ಹೊಣೆ.

ಉತ್ತರ 4: ಮೇಲಿನವರು ಬಿಟ್ಟ ಮುಖ್ಯ ಮಾತು: ಯಾಜಕತ್ವ ಇರುವುದು ಬೇರೆ, ಬಳಸಲು ಅಪ್ಪಣೆ ಇರುವುದು ಬೇರೆ. ಅಪ್ಪಣೆಯ ಅಧಿಕಾರಕ್ಕೆ ‘ಕೀಲಿಕೈ’ ಅನ್ನುತ್ತಾರೆ. ವಾರ್ಡಿನಲ್ಲಿ ಅದು ಬಿಷಪ್ ಕೈಯಲ್ಲಿ. ಲೈಸೆನ್ಸ್ ಇದೆ ಅಂತ ಪಕ್ಕದ ಮನೆಯವರ ಗಾಡಿ ಹೊಡೆದುಕೊಂಡು ಹೋಗಲಾದೀತೇ? ಹುಮ್ಮಸ್ಸಿನಲ್ಲಿ ಹಾಸ್ಟೆಲಿನಲ್ಲೇ ಬ್ರೆಡ್ ನೀರು ಇಟ್ಟು ಸ್ಯಾಕ್ರಮೆಂಟ್ ಮಾಡಬಾರದು. ಪ್ರೀಸ್ಟ್ ದೀಕ್ಷಾಸ್ನಾನ ಮಾಡಿಸಬಹುದು, ಅದೂ ಬಿಷಪ್ ಒಪ್ಪಿದರೆ ಮಾತ್ರ. ಆಗ ಇಬ್ಬರು ಸಾಕ್ಷಿಗಳು ನೋಡುತ್ತಿರುತ್ತಾರೆ. ಒಂದು ಎಳೆ ಕೂದಲೋ ಬಟ್ಟೆಯ ಅಂಚೋ ನೀರಿನ ಮೇಲೆ ಉಳಿದರೂ ಪೂರ್ತಿ ಮತ್ತೆ ಮಾಡಬೇಕು.

ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲದಿದ್ದರೆ ತಲೆಗೆ ಎಣ್ಣೆಯಿಟ್ಟು ಆಶೀರ್ವದಿಸುವುದು ಅವನಿಂದಾಗದು, ಅದಕ್ಕೆ ಮೆಲ್ಕಿಜೆದೇಕನ ಯಾಜಕತ್ವ ಬೇಕು. ಇಬ್ಬರು ಎಲ್ಡರ್‌ಗಳನ್ನು ಕರೆದರೆ ಒಬ್ಬರು ನೆತ್ತಿಗೆ ಒಂದು ಹನಿ ಎಣ್ಣೆ ಇಡುತ್ತಾರೆ, ಇನ್ನೊಬ್ಬರು ಆಶೀರ್ವಾದದ ಮಾತು ಹೇಳುತ್ತಾರೆ. ಎಣ್ಣೆ ಆಲಿವ್‌ನದ್ದೇ ಆಗಬೇಕು, ಮೊದಲೇ ಪ್ರಾರ್ಥಿಸಿ ಮೀಸಲಿಟ್ಟದ್ದು. ಕೊಬ್ಬರಿ ಎಣ್ಣೆ ನಡೆಯದು. ನೋವಿರುವ ಜಾಗಕ್ಕೆ ಹಚ್ಚುವುದಕ್ಕಲ್ಲ, ಕುಡಿಯುವುದಕ್ಕಂತೂ ಅಲ್ಲವೇ ಅಲ್ಲ. ನಿಮ್ಮ ತಮ್ಮ ಸಾದಾ ಪ್ರಾರ್ಥನೆ ಮಾಡಲು ಅಡ್ಡಿಯೇನಿಲ್ಲ.

ಕೇಳಿದವರು: ತುಂಬಾ ಉಪಕಾರವಾಯ್ತು. ಅಮ್ಮ ಕೇಳ್ತಿದ್ದಾರೆ: ಕುಲ ನೋಡ್ತಾರಾ? ಹೆಂಗಸರಿಗೂ ಕೊಡ್ತಾರಾ?

ಉತ್ತರ 5: ಜಾತಿ ಕೇಳುವುದಿಲ್ಲ ಅಕ್ಕ. ಆದರೆ ಇತಿಹಾಸ ಅಷ್ಟು ಶುಭ್ರವೂ ಅಲ್ಲ. ಆಫ್ರಿಕಾ ಮೂಲದ ಗಂಡಸರಿಗೆ 1978ರ ಜೂನ್‌ವರೆಗೆ ಯಾಜಕತ್ವ ಕೊಡುತ್ತಿರಲಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಹೆಂಗಸರನ್ನು ಇವತ್ತಿಗೂ ಈ ಹುದ್ದೆಗಳಿಗೆ ನೇಮಿಸುವುದಿಲ್ಲ. ಅವರು ರಿಲೀಫ್ ಸೊಸೈಟಿ ಎಂಬ ಸಭೆಯ ಹೆಂಗಸರ ಸಂಘ ನಡೆಸುತ್ತಾರೆ, ಬೋಧಿಸುತ್ತಾರೆ. 2019ರ ಅಕ್ಟೋಬರ್‌ನಿಂದ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ಸಭೆಯ ಹೆಂಗಸರೂ ನಿಲ್ಲಬಹುದು. ಇಷ್ಟು ಸಾಲದು ಎನ್ನುವವರು ಸಭೆಯೊಳಗೇ ಇದ್ದಾರೆ.

ಮುಂದೆ ಅವನನ್ನು ಎಲ್ಡರ್ ಮಾಡುವ ಮಾತು ಬರುತ್ತದೆ. ಅದಕ್ಕೆ ಇಷ್ಟು ತಿಂಗಳು ಕಾಯಬೇಕೆಂಬ ಲೆಕ್ಕವಿಲ್ಲ, ಆದರೆ ಬಿಷಪ್ ಒಬ್ಬರ ಒಪ್ಪಿಗೆ ಸಾಲದು. ಸ್ಟೇಕ್ (ಹಲವು ವಾರ್ಡುಗಳ ಗುಂಪು) ಅಧ್ಯಕ್ಷರೂ ಮಾತಾಡಿಸಿ ಒಪ್ಪಬೇಕು.