2009ರ ಪಜೇರೊ ಕೊಂಡಿದ್ದೇನೆ. ಕೂಲಿಂಗ್ ವ್ಯವಸ್ಥೆಯ ಕೆಲಸವನ್ನು ಎಲ್ಲಿಂದ ಆರಂಭಿಸಲಿ?

ಸಕಲೇಶಪುರದವ:

ಎಲ್ಲರಿಗೂ ನಮಸ್ಕಾರ. ಎರಡು ವಾರಗಳ ಹಿಂದೆ ಬೆಂಗಳೂರಿನಲ್ಲಿ 2009ರ ಮಿತ್ಸುಬಿಷಿ ಪಜೇರೊ ಎಸ್‌ಎಫ್‌ಎಕ್ಸ್ ಒಂದನ್ನು ಕೊಂಡು ಊರಿಗೆ ತಂದಿದ್ದೇನೆ. 2.8 ಲೀಟರಿನ ಟರ್ಬೊ ಡೀಸೆಲ್ ಎಂಜಿನ್, ಮ್ಯಾನುಯಲ್ ಗೇರ್. ಮೀಟರಿನ ಪ್ರಕಾರ ಓಡಿರುವುದು 1,62,000 ಕಿಲೋಮೀಟರ್. ನೋಂದಣಿ ನವೀಕರಣವಾಗಿದೆ. ಹಿಂದಿನ ಮಾಲೀಕರು ಟೈರು, ಬ್ಯಾಟರಿ, ಕಡೆಗೆ ಸೀಟಿನ ಹೊದಿಕೆಯ ರಸೀದಿಯನ್ನೂ ಜೋಪಾನವಾಗಿ ಫೈಲಿನಲ್ಲಿಟ್ಟು ಕೊಟ್ಟರು; ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್ ಬದಲಿಸಿದ್ದಕ್ಕೆ ಮಾತ್ರ ಒಂದು ಚೀಟಿಯೂ ಆ ಫೈಲಿನಲ್ಲಿಲ್ಲ.

ನನ್ನನ್ನು ಕಾಡುತ್ತಿರುವುದು ತಾಪಮಾನದ ಮುಳ್ಳಿನ ವರ್ತನೆ. ಬೆಳಗಿನ ಚಳಿಯಲ್ಲಿ ಹಾಸನದ ಕಡೆಗೆ ಹೊರಟರೆ ಇಪ್ಪತ್ತು ಕಿಲೋಮೀಟರ್ ಸಾಗಿದರೂ ಮುಳ್ಳು ಕಾಲು ಭಾಗವನ್ನು ಮುಟ್ಟುವುದಿಲ್ಲ, ಹೀಟರ್ ಹಾಕಿದರೆ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುತ್ತದೆ. ಆದರೆ ಕಳೆದ ಭಾನುವಾರ ಮಂಗಳೂರಿನಿಂದ ಹಿಂದಿರುಗುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಎಸಿ ಹಾಕಿಕೊಂಡು ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಹತ್ತುತ್ತಿದ್ದಾಗ ಅದೇ ಮುಳ್ಳು ಅರ್ಧ ದಾಟಿ ಮುಕ್ಕಾಲಿನ ಹತ್ತಿರಕ್ಕೆ ಹೋಯಿತು. ಎಸಿ ಆರಿಸಿದೆ, ಮಾರನಹಳ್ಳಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿಸಿದೆ, ಇಳಿಯಿತು. ತಣ್ಣಗಾಗಲು ಒಲ್ಲೆನೆನ್ನುವ ಎಂಜಿನ್ ಬಿಸಿಯಾಗಲೂ ಒಲ್ಲೆನೆನ್ನುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ರಿಸರ್ವ್ ಬಾಟಲಿಯಲ್ಲಿರುವ ದ್ರವದ ಬಣ್ಣ ಹಾಲು ಹಾಕದ ಚಹಾದಂತಿದೆ. ನಮ್ಮೂರಿನ ಮೆಕ್ಯಾನಿಕ್ ಒಳ್ಳೆಯ ಕೆಲಸಗಾರರು, ಆದರೆ ಅವರ ಮಾತು ಇಷ್ಟೇ: "ನಮ್ಮ ಕಡೆ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ? ನೀರು ಹಾಕಿ ಓಡಿಸಿ." ರೇಡಿಯೇಟರನ್ನೇ ಹೊಸದು ಹಾಕಿಸಿಬಿಡಿ ಎಂದು ಇನ್ನೊಬ್ಬರ ಸಲಹೆ. ಮಳೆಗಾಲಕ್ಕೆ ಮುನ್ನ ಈ ಕೆಲಸವನ್ನು ಒಮ್ಮೆಗೇ ಸರಿಯಾಗಿ ಮುಗಿಸಬೇಕೆಂದಿದ್ದೇನೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಪರೀಕ್ಷಿಸಿದರೆ ಸಾಕು, ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೆಯ ಸ್ಪ್ಯಾನರ್:

ಸರ್, ನೀವು ಕೊಟ್ಟ ವಿವರಣೆಯಲ್ಲೇ ಉತ್ತರವೂ ಇದೆ ಎಂದು ನನಗನ್ನಿಸುತ್ತದೆ. ರೇಡಿಯೇಟರಿಗೆ ಹಣ ಕೊಡುವ ಮೊದಲು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ವಾಲ್ವ್) ಕೂರುವ ಹೌಸಿಂಗಿನ ಬೋಲ್ಟುಗಳನ್ನು ಬಿಚ್ಚಿಸಿ ಒಳಗೆ ನೋಡಿ. ಅಲ್ಲಿ ಥರ್ಮೋಸ್ಟಾಟ್ ಇರಲಾರದು ಎಂಬುದು ನನ್ನ ಊಹೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದು ಬಹಳ ಹಳೆಯ ರೂಢಿ. ಗಾಡಿ ಒಮ್ಮೆ ಬಿಸಿಯಾಯಿತೆಂದರೆ "ವಾಲ್ವ್ ತೆಗೆದುಬಿಡಿ, ನೀರು ಸಲೀಸಾಗಿ ಹರಿಯುತ್ತದೆ" ಎನ್ನುತ್ತಾರೆ. ಮೇಲ್ನೋಟಕ್ಕೆ ಮಾತು ಸರಿಯೆನಿಸುತ್ತದೆ. ಆದರೆ ಅನೇಕ ಎಂಜಿನ್ನುಗಳ ಥರ್ಮೋಸ್ಟಾಟ್ ಒಂದಲ್ಲ, ಎರಡು ಕೆಲಸ ಮಾಡುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ದಾರಿಯನ್ನು ಮುಚ್ಚಿ ನೀರನ್ನು ಬೈಪಾಸ್ ದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತಿಸುತ್ತದೆ. ಬಿಸಿಯಾದಾಗ ರೇಡಿಯೇಟರಿನ ದಾರಿಯನ್ನು ತೆರೆಯುತ್ತ, ಅದರ ತಳದಲ್ಲಿರುವ ತಟ್ಟೆಯಿಂದ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿದರೆ ಎರಡು ದಾರಿಗಳೂ ಸದಾ ತೆರೆದೇ ಇರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಶಾಖ ಕಡಿಮೆ ಹುಟ್ಟುವುದರಿಂದ ರೇಡಿಯೇಟರಿಗೆ ಹೋದ ಪಾಲೇ ಎಂಜಿನ್ನನ್ನು ಅತಿಯಾಗಿ ತಣ್ಣಗಾಗಿಸುತ್ತದೆ. ನಿಮ್ಮ ಹೀಟರ್ ಉಗುರುಬೆಚ್ಚಗಿರುವುದು ಅದಕ್ಕೇ. ಘಾಟಿಯಲ್ಲಿ, ಎಲ್ಲ ನೀರೂ ರೇಡಿಯೇಟರಿಗೆ ಹೋಗಲೇಬೇಕಾದ ಹೊತ್ತಿನಲ್ಲಿ, ಒಂದು ಪಾಲು ತಣ್ಣಗಾಗದೆ ಹಾಗೆಯೇ ಬೈಪಾಸಿನಿಂದ ಎಂಜಿನ್ನಿಗೆ ಮರಳುತ್ತದೆ. ನಿಮ್ಮ ಒಗಟು ಬಿಡಿಸಿಕೊಳ್ಳುವುದು ಹೀಗೆ.

ಹೊಸದು ತರುವಾಗ ಮೂಲ ಭಾಗದ ಸಂಖ್ಯೆಯನ್ನು ಹೊಂದಿಸಿ ತನ್ನಿ, ತೆರೆಯುವ ತಾಪಮಾನ ಅದರ ಮೇಲೆಯೇ ಅಚ್ಚಾಗಿರುತ್ತದೆ. ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿ. ಹೊಸದಾದರೂ ತೆರೆಯದ ಸರಕು ನನ್ನ ಕೈಗೆ ಎರಡು ಬಾರಿ ಬಂದಿದೆ. ಅದರ ಅಂಚಿನಲ್ಲಿ ಗಾಳಿ ಹೋಗಲೆಂದು ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಭಾಗಕ್ಕೆ ಬರುವಂತೆ ಕೂರಿಸಿ.

ಜೊತೆಗೆ ರೇಡಿಯೇಟರ್ ಕ್ಯಾಪನ್ನು ಕಣ್ಣು ಮುಚ್ಚಿ ಬದಲಿಸಿ. ಇದಕ್ಕಿಂತ ಅಗ್ಗದ ಭಾಗ ಈ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ, ಇಷ್ಟು ಅಲಕ್ಷ್ಯಕ್ಕೆ ಒಳಗಾದದ್ದೂ ಇಲ್ಲ. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, 0.9 (ಹೊರಗಿನ ಗಾಳಿಗಿಂತ ಸುಮಾರು 0.9 ಬಾರ್ ಹೆಚ್ಚು) ಎಂದು ಅಚ್ಚಾದ ಕ್ಯಾಪ್ ಒತ್ತಡವನ್ನು ಹಿಡಿದಿಟ್ಟರೆ ಅದೇ ನೀರು 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ರಬ್ಬರ್ ಸೀಳಿದ ಕ್ಯಾಪ್ ಇದ್ದರೆ ಈ ಅಂತರವೆಲ್ಲ ಕೈತಪ್ಪುತ್ತದೆ. ಆದರೆ ಹೆಚ್ಚು ಒತ್ತಡದ ಕ್ಯಾಪ್ ಹಾಕಿದರೆ ಇನ್ನೂ ಒಳ್ಳೆಯದೆಂದು ಭಾವಿಸಬೇಡಿ, ಹಳೆಯ ಹೋಸುಗಳು (ರಬ್ಬರ್ ಕೊಳವೆಗಳು) ಅದನ್ನು ತಾಳಲಾರವು.

ಕಡಲ ತಡಿಯಿಂದ:

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ನಾನು "ನೀರು ಸಾಕು" ಎಂಬ ಮಾತಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹಿಮವೇ ಕಾಣದ ನಮ್ಮ ಮಂಗಳೂರಿನಲ್ಲೂ ಇದನ್ನು ದಿನಾಲೂ ಕೇಳುತ್ತೇವೆ.

ಕೂಲಂಟಿನ ಡಬ್ಬದ ಮೇಲೆ "ಆಂಟಿಫ್ರೀಜ್" ಎಂದಿರುವುದರಿಂದಲೇ ಈ ತಪ್ಪು ತಿಳಿವಳಿಕೆ ಹುಟ್ಟಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆಯುವುದು ನಿಜ, ಕುದಿಯುವ ಬಿಂದುವನ್ನು ಏರಿಸುವುದೂ ನಿಜ. ನಮಗೆ ಮುಖ್ಯವಾದದ್ದು ಮಾತ್ರ ಅದರೊಂದಿಗೆ ಬೆರೆಸಿರುವ ತುಕ್ಕುನಿರೋಧಕಗಳು. ನಿಮ್ಮ ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದು. ಎರಡು ಬೇರೆ ಲೋಹಗಳ ನಡುವೆ ಬರೀ ನೀರು ಬಿಸಿಯಾಗಿ ಸುತ್ತುತ್ತಿದ್ದರೆ ಒಂದನ್ನಲ್ಲ ಒಂದನ್ನು ತಿನ್ನುತ್ತಲೇ ಇರುತ್ತದೆ. ನಿಮ್ಮ ಬಾಟಲಿಯ ಚಹಾ ಬಣ್ಣ ಆ ಬ್ಲಾಕಿನದೇ ಕಬ್ಬಿಣ.

ನೀರಿನ ಗುಣವೂ ಅಷ್ಟೇ ಮುಖ್ಯ. ಬೋರ್‌ವೆಲ್ ನೀರಿನ ಗಡಸುತನ ಸ್ನಾನದ ಹಂಡೆಯ ತಳದಲ್ಲಿ ಹೇಗೆ ಬಿಳಿ ಪದರವಾಗಿ ಕೂರುತ್ತದೆಯೋ ಹಾಗೆಯೇ ಹೆಡ್ಡಿನ ಒಳದಾರಿಗಳಲ್ಲೂ ಕೂರುತ್ತದೆ, ಅದೂ ಅತ್ಯಂತ ಬಿಸಿಯಾದ ಜಾಗದಲ್ಲೇ. ಬ್ಯಾಟರಿಗೆ ಹಾಕುವ ಖನಿಜರಹಿತ ನೀರನ್ನು ಐದು ಲೀಟರಿನ ಕ್ಯಾನುಗಳಲ್ಲಿ ಕೊಂಡುಕೊಳ್ಳಿ.

ಬಣ್ಣವನ್ನು ನಂಬಬೇಡಿ. ಹಸಿರು, ಕೆಂಪು, ಗುಲಾಬಿ ಇವೆಲ್ಲ ತಯಾರಕರು ಇಷ್ಟಬಂದಂತೆ ಹಾಕುವ ಬಣ್ಣಗಳು. ಒಳಗಿನ ರಸಾಯನ ಯಾವುದೆಂದು ಡಬ್ಬದ ಹಿಂಬದಿಯನ್ನು ಓದಿಯೇ ತಿಳಿಯಬೇಕು. ಜಪಾನಿನ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಸಿಲಿಕೇಟ್ ಇಲ್ಲದ, ಫಾಸ್ಫೇಟ್ ಇರುವ ಬಗೆಯನ್ನು ಹೇಳುತ್ತಾರೆ. ಎರಡು ಬಗೆಗಳನ್ನು ಬೆರೆಸಿದರೆ ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಹಳೆಯದು ಪೂರ್ತಿ ಹೋಗುವವರೆಗೆ ತೊಳೆಯುವುದು ಅಗತ್ಯ. ಪ್ರಮಾಣ ಅರ್ಧಕ್ಕರ್ಧ ಇದ್ದರೆ ಸಾಕು. ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಶಾಖವನ್ನು ಹೊರಲಾರದು, ಹಾಗಾಗಿ ಡಬ್ಬದಲ್ಲಿರುವುದನ್ನು ನೀರು ಬೆರೆಸದೆ ಸುರಿಯುವುದೂ ತಪ್ಪೇ.

ಇಲ್ಲಿ ಬಹಳ ಜನ ಎಡವುವುದು ಒಂದು ಲೆಕ್ಕದಲ್ಲಿ. ಕೈಪಿಡಿಯಲ್ಲಿ ಒಟ್ಟು ಪ್ರಮಾಣ 9 ಲೀಟರ್ ಎಂದಿದೆಯೆಂದು ಇಟ್ಟುಕೊಳ್ಳಿ. ತೊಳೆದು ರೇಡಿಯೇಟರಿನ ಕೆಳಗಿನ ಪ್ಲಗ್ ಬಿಚ್ಚಿದರೆ 5 ಲೀಟರ್ ಮಾತ್ರ ಹೊರಬಂದೀತು. ಉಳಿದ 4 ಲೀಟರ್ ತೊಳೆದ ನೀರು ಬ್ಲಾಕ್ ಮತ್ತು ಹೀಟರಿನಲ್ಲೇ ನಿಂತಿರುತ್ತದೆ. ಈಗ ಅರ್ಧಕ್ಕರ್ಧ ನೀರು ಬೆರೆಸಿ ಮಾರುವ ಸಿದ್ಧಮಿಶ್ರಣವನ್ನು 5 ಲೀಟರ್ ಸುರಿದರೆ ಒಳಗಿರುವ ಕೂಲಂಟ್ ಅರ್ಧವಲ್ಲ, ನೂರಕ್ಕೆ 28ರಷ್ಟು ಮಾತ್ರ. ಆದ್ದರಿಂದ ಸಿದ್ಧಮಿಶ್ರಣ ಬೇಡ, ಸಾಂದ್ರವಾದದ್ದನ್ನು ತನ್ನಿ: ಮೊದಲು ಅದನ್ನು ನಾಲ್ಕೂವರೆ ಲೀಟರ್ ಹಾಕಿ, ಉಳಿದ ಜಾಗಕ್ಕೆ ನೀರು ಹಾಕಿ. ಬಕೆಟ್ಟಿನಲ್ಲಿ ಅಳೆದುಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಲಾಕಿನ ಪ್ಲಗ್ ಬಿಚ್ಚಲು ಬಂದರೆ ಇನ್ನೂ ಒಳ್ಳೆಯದು, ಆದರೆ ಹದಿನೈದು ವರ್ಷ ಅಲುಗದ ಪ್ಲಗ್ಗಿನೊಂದಿಗೆ ಜಗಳಕ್ಕೆ ಇಳಿಯಬೇಡಿ.

ಹಳೆಯ ದ್ರವವನ್ನು ಚರಂಡಿಗೋ ತೋಟಕ್ಕೋ ಬಿಡಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಕರುಗಳು ನೆಕ್ಕುತ್ತವೆ, ಸ್ವಲ್ಪ ಪ್ರಮಾಣವೂ ಮೂತ್ರಪಿಂಡವನ್ನು ಕೆಡಿಸುತ್ತದೆ. ನಮ್ಮ ನೆರೆಮನೆಯ ನಾಯಿ ಹಾಗೆಯೇ ಸತ್ತದ್ದು.

ಚಾರ್ಮಾಡಿ ಚಾಲಕ:

ಎರಡೇ ಮಾತು. ನಿಮ್ಮ ಗಾಡಿಯ ಫ್ಯಾನ್ ವಿದ್ಯುತ್ತಿನಿಂದ ತಿರುಗುವುದಲ್ಲ, ವಾಟರ್ ಪಂಪಿನ ಮುಂದೆ ಕೂತು ಬೆಲ್ಟಿನಿಂದ ತಿರುಗುವುದು. ನಡುವೆ ಸಿಲಿಕೋನ್ ಎಣ್ಣೆ ತುಂಬಿದ, ಬಿಸಿಯಾದಾಗ ಫ್ಯಾನನ್ನು ಬಿಗಿಯಾಗಿ ಹಿಡಿಯುವ ವಿಸ್ಕಸ್ ಕ್ಲಚ್ ಇರುತ್ತದೆ. ಲಾರಿಯ ಹಿಂದೆ ನಿಧಾನವಾಗಿ ಹತ್ತುವಾಗ ಗಾಳಿ ತರುವುದು ಅದೊಂದೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆರಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ: ಬಿಗುವಿನಿಂದ ಅಲ್ಲೇ ನಿಂತರೆ ಸರಿ, ಗಿರಗಿಟ್ಲೆಯಂತೆ ಎರಡು ಮೂರು ಸುತ್ತು ತಿರುಗಿದರೆ ಕ್ಲಚ್ ಹೋಗಿದೆ. ಅದರ ಮೈಮೇಲೆ ಎಣ್ಣೆ ಹಾರಿದ ಗುರುತು, ಅದರ ಮೇಲೆ ಧೂಳಿನ ಗೆರೆ ಕಂಡರೂ ಅದೇ ಅರ್ಥ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚವನ್ನು ಯಾರಾದರೂ ಕಿತ್ತು ಹಾಕಿದ್ದಾರೆಯೇ ಎಂಬುದನ್ನೂ ನೋಡಿ.

ಇನ್ನೊಂದು, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿ. ಮುಂದಿನಿಂದ ನೋಡಿದರೆ ಎಲ್ಲ ಸ್ವಚ್ಛವಾಗಿಯೇ ಕಾಣುತ್ತದೆ. ಕೆಸರು, ಹುಲ್ಲಿನ ಬೀಜ, ಸತ್ತ ಕೀಟಗಳು ಕೂತಿರುವುದು ಆ ಸಂದಿಯಲ್ಲಿ. ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಕಾರು ತೊಳೆಯುವ ಪ್ರೆಶರ್ ಪಂಪನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳುವಾದ ಲೋಹದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಸಕಲೇಶಪುರದವ:

ತಮ್ಮೆಲ್ಲರಿಗೂ ಧನ್ಯವಾದಗಳು. ಶನಿವಾರ ಇಡೀ ದಿನ ಇದೇ ಕೆಲಸವಾಯಿತು. ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದಾಗ ಒಳಗೆ ಗ್ಯಾಸ್ಕೆಟ್ ಪೇಸ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಮೆಕ್ಯಾನಿಕ್ ನಕ್ಕು, "ಯಾರೋ ನಮ್ಮಂಥವರೇ ತೆಗೆದಿದ್ದಾರೆ" ಎಂದರು. ಕ್ಯಾಪಿನ ರಬ್ಬರ್ ಎರಡು ಕಡೆ ಸೀಳಿತ್ತು. ಫ್ಯಾನ್ ಕ್ಲಚ್ ಸರಿಯಿದೆ.

ಆಶ್ಚರ್ಯವಾದದ್ದು ಹೊರಬಂದ ನೀರು. ತುಕ್ಕಿನ ಜೊತೆಗೆ ಹಳದಿ ಬಣ್ಣದ ಮೆತ್ತನೆಯ ಗಸಿಯೂ ಇತ್ತು, ಅದನ್ನು ಮೂಸಿ ನೋಡಿದರೆ ಸ್ಪಷ್ಟವಾಗಿ ಅರಿಶಿನ! ನಾಲ್ಕು ಬಾರಿ ತೊಳೆದ ಮೇಲೆ ತಿಳಿಯಾಯಿತು. ಕೂಲಂಟನ್ನು ಅಳತೆಯ ಪ್ರಕಾರವೇ ಹಾಕಿದ್ದೇವೆ. ಈಗ ಮುಳ್ಳು ಹತ್ತು ನಿಮಿಷದಲ್ಲಿ ಅರ್ಧದ ಕೆಳಗೆ ಬಂದು ಅಲ್ಲೇ ನಿಲ್ಲುತ್ತದೆ. ಆದರೆ ಹೀಟರ್ ಇನ್ನೂ ಪೂರ್ತಿ ಬಿಸಿಯಾಗುತ್ತಿಲ್ಲ. ಮತ್ತೊಂದು ಭಯವೆಂದರೆ, ಅರಿಶಿನ ಹಾಕುವಂಥ ಸೋರಿಕೆ ಎಲ್ಲಿತ್ತು? ಬ್ಲಾಕ್ ಮತ್ತು ಹೆಡ್ಡಿನ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೇ?

ಹಳೆಯ ಸ್ಪ್ಯಾನರ್:

ಅರಿಶಿನ ಲಾರಿ ಚಾಲಕರ ಹಳೆಯ ಉಪಾಯ ಸರ್. ರೇಡಿಯೇಟರ್ ದಾರಿಯಲ್ಲಿ ಸೋರಿದರೆ ಒಂದು ಹಿಡಿ ಪುಡಿ ಸುರಿದು ಊರು ಮುಟ್ಟುತ್ತಿದ್ದರು. ಆ ಹೊತ್ತಿಗೆ ಅದನ್ನು ನಾನು ಹಳಿಯುವುದಿಲ್ಲ. ಊರು ಮುಟ್ಟಿದ ಮೇಲೂ ಅದನ್ನೇ ನಂಬಿ ಕೂತವರನ್ನು ಹಳಿಯಬೇಕು. ಸೋರುವ ರಂಧ್ರವನ್ನು ಮುಚ್ಚುವ ಪುಡಿ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಹೀಟರಿನ ಎರಡೂ ಹೋಸುಗಳನ್ನು ಫೈರ್‌ವಾಲ್ (ಎಂಜಿನ್ ಮತ್ತು ಸೀಟುಗಳ ನಡುವಿನ ತಗಡಿನ ಗೋಡೆ) ಬಳಿ ಬಿಚ್ಚಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ಹಿಮ್ಮುಖವಾಗಿ ನೀರು ಬಿಡಿ. ಶೌಚಾಲಯ ತೊಳೆಯುವ ಆಸಿಡ್ ಹಾಕೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತೊಳೆದ ಮೇಲೆ ಗಾಡಿಯ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದು ಗುಳ್ಳೆಗಳು ನಿಲ್ಲುವವರೆಗೆ ದ್ರವ ತುಂಬುತ್ತ ಹೋಗಿ. ಒಳಗೆ ಉಳಿದ ಗಾಳಿಯೂ ಹೀಟರನ್ನು ತಣ್ಣಗಿಡುತ್ತದೆ.

ಗುಳ್ಳೆಗಳು ನಿಲ್ಲದೆ ಬರುತ್ತಲೇ ಇದ್ದರೆ, ತಣ್ಣನೆಯ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅಥವಾ ಆಯಿಲ್ ಕ್ಯಾಪಿನ ಅಡಿಯಲ್ಲಿ ಕೆನೆಯಂಥದ್ದು ಕಂಡರೆ, ಆಗ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಿ. ಇವು ಯಾವುವೂ ಇಲ್ಲದಿದ್ದರೆ ರೇಡಿಯೇಟರ್ ಅಂಗಡಿಯವರಿಂದ ಕೈಪಂಪಿನ ಗೇಜ್ ತಂದು ಕ್ಯಾಪಿನ ಜಾಗಕ್ಕೆ ಕೂರಿಸಿ, ಕ್ಯಾಪಿನ ಮೇಲಿರುವಷ್ಟೇ ಒತ್ತಡ ತುಂಬಿ ಹದಿನೈದು ನಿಮಿಷ ಬಿಡಿ. ಗೇಜಿನ ಮುಳ್ಳು ಇಳಿದರೆ ಸೋರಿಕೆ ಇನ್ನೂ ಇದೆ. ಮೊದಲು ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರವನ್ನೂ ಎಂಜಿನ್ನಿನ ಹಿಂಬದಿಯ ಗಿಡ್ಡ ಹೋಸುಗಳನ್ನೂ ನೋಡಿ. ರೇಡಿಯೇಟರೇ ಸೋರುತ್ತಿದ್ದರೆ, ಅದು ತಾಮ್ರ–ಹಿತ್ತಾಳೆಯದಾಗಿದ್ದಲ್ಲಿ ಟ್ಯಾಂಕ್ ಬಿಚ್ಚಿ ರಾಡ್ ಹೊಡೆಸಿ (ಕೊಳವೆಗಳೊಳಗೆ ಸರಳು ತೂರಿಸಿ ಶುಚಿ ಮಾಡಿಸಿ) ಬೆಸುಗೆ ಹಾಕಿಸಬಹುದು. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆಗಿದ್ದರೆ ಹೊಸದೇ ಲೇಸು.

ಕೊನೆಯದಾಗಿ ತಾಪಮಾನದ ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಅದರ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಹೋಸ್ ಒಡೆದು ನೀರೆಲ್ಲ ಹೋದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಘಾಟಿ ಹತ್ತುವಾಗ ಹೀಟರಿನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಂದರೆ, ಮುಳ್ಳು ಏನೇ ತೋರಿಸಲಿ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಮುಂದಿನ ಒಂದು ತಿಂಗಳು ಪ್ರತಿದಿನ ಬೆಳಿಗ್ಗೆ ಬಾಟಲಿಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಒತ್ತಡದ ಪರೀಕ್ಷೆಯಲ್ಲಿ ಏನು ಕಂಡಿತೆಂದು ಇಲ್ಲಿ ಬರೆಯಿರಿ, ಹೋಸುಗಳ ಬಗ್ಗೆ ಆಮೇಲೆ ಮಾತಾಡೋಣ.